ಕೋಲ್ಟ್ ಮಾಡದ ಕೋಲ್ಟ್: ಹಳೆಯ ರಿವಾಲ್ವರಿಗೆ ಹೊಸ ಗುಂಡು ಹಾಕಿದರೆ ಏನಾಗುತ್ತದೆ?

ತುಕ್ಕು ಹಿಡಿದ ಹಳೆಯ ರಿವಾಲ್ವರಿನ ಫೋಟೋ, ಅದರ ಕೆಳಗೆ ನಾಲ್ಕೈದು ಸಾಲು. ರಿವಾಲ್ವರ್ ಕಂಡುಹಿಡಿದವನು ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್. ಕೌಬಾಯ್ ಸಿನಿಮಾಗಳಲ್ಲಿ ಕಾಣುವ ಪೀಸ್‌ಮೇಕರ್ ಅವನೇ ಮಾಡಿದ್ದು. ಹಳೇ ಕಾಲದ ಕಬ್ಬಿಣ ಈಗಿನದಕ್ಕಿಂತ ಗಟ್ಟಿ, ಆದ್ದರಿಂದ ತೂತಿಗೆ ಹೊಂದುವ ಯಾವ ಗುಂಡು ಹಾಕಿದರೂ ಅದು ಇವತ್ತಿಗೂ ಕೆಲಸ ಮಾಡುತ್ತದೆ. ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು.

ಮೊದಲ ಎರಡು ಮಾತು ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಮೂರನೆಯದನ್ನು ನಂಬಿದವರ ಕೈಬೆರಳು ಹೋಗಬಹುದು, ಕಣ್ಣು ಹೋಗಬಹುದು. ಮೂರಕ್ಕೂ ಉತ್ತರ ಕೋಲ್ಟನ ಬದುಕಿನಲ್ಲಿ ಮತ್ತು ಅವನು ಸತ್ತ ಮೇಲೆ ನಡೆದ ಸಂಗತಿಗಳಲ್ಲಿ ಸಿಗುತ್ತದೆ. ಹಾಗಾಗಿ ಇವತ್ತು ನಾವು ಅವನ ಕತೆಯನ್ನೇ ಹೇಳುತ್ತೇವೆ. ಅದರಲ್ಲಿ ನಮ್ಮ ಕಲ್ಕತ್ತಾ ಕೂಡ ಬರುತ್ತದೆ.

ಮದ್ದಿನ ಹುಚ್ಚು ಹಿಡಿದ ಹುಡುಗ

ಕೋಲ್ಟ್ ಹುಟ್ಟಿದ್ದು 1814ರ ಜುಲೈ 19ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫೋರ್ಡ್‌ನಲ್ಲಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ. ತಂದೆ ಕ್ರಿಸ್ಟೋಫರ್‌ನ ವ್ಯಾಪಾರ ಏರಿಳಿತ ಕಂಡಿತ್ತು. 11ನೇ ವಯಸ್ಸಿನಲ್ಲಿ ಹುಡುಗನನ್ನು ಗ್ಲಾಸ್ಟನ್‌ಬರಿಯ ಒಬ್ಬ ರೈತನ ಮನೆಯಲ್ಲಿ ಕೆಲಸಕ್ಕೆ ಬಿಟ್ಟರು. ಅಲ್ಲಿ ಅವನ ಕೈಗೆ ವಿಜ್ಞಾನದ ವಿಷಯಗಳಿದ್ದ ಒಂದು ಪುಸ್ತಕ ಸಿಕ್ಕಿತು. ಕೋವಿಮದ್ದು ಅಂದರೇನು ಎಂಬುದೂ ಅದರಲ್ಲಿತ್ತು. ಅಲ್ಲಿಂದ ಮದ್ದಿನ ಹುಚ್ಚು ಹತ್ತಿತು.

1829ರಲ್ಲಿ ತಂದೆಯ ಬಟ್ಟೆ ಗಿರಣಿಯಿದ್ದ ವೇರ್ ಎಂಬ ಊರಿಗೆ ಬಂದ. ಆ ವರ್ಷದ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಕೆರೆಯ ಮೇಲಿನ ತೆಪ್ಪವೊಂದನ್ನು ಸಿಡಿಸಿ ತೋರಿಸುತ್ತೇನೆ ಎಂದು ಸಾರಿದ. ಜನ ಒಳ್ಳೆಯ ಬಟ್ಟೆ ಹಾಕಿಕೊಂಡು ನೋಡಲು ಬಂದರು. ಮದ್ದು ಸಿಡಿಯಿತು, ಬಂದವರ ಮೈಮೇಲೆಲ್ಲ ಕೆಸರು ನೀರು ಬಿತ್ತು. ಮುಂದಿನ ವರ್ಷ ಆಮ್‌ಹರ್ಸ್ಟ್‌ನ ಶಾಲೆಯಲ್ಲಿ ಅವನ ಪಟಾಕಿ ಆಟದಿಂದ ಬೆಂಕಿ ಹೊತ್ತಿಕೊಂಡಿತು. ಓದು ಅಲ್ಲಿಗೆ ಮುಗಿಯಿತು. ಇವನು ಹಡಗಿನ ಕೆಲಸವನ್ನಾದರೂ ಕಲಿಯಲಿ ಎಂದು ತಂದೆ ಸಮುದ್ರಕ್ಕೆ ಕಳಿಸಿದ.

ಕಲ್ಕತ್ತಾಗೆ ಹೊರಟ ಹಡಗು

1830ರ ಆಗಸ್ಟ್‌ನಲ್ಲಿ ಕೊರ್ವೊ ಎಂಬ ಹಡಗು ಬಾಸ್ಟನ್ನಿನಿಂದ ಕಲ್ಕತ್ತಾ ಕಡೆಗೆ ಹೊರಟಿತು. ಅದರಲ್ಲಿ 16 ವರ್ಷದ ಕೋಲ್ಟ್ ಇದ್ದ. ಈ ಪ್ರಯಾಣದಲ್ಲೇ ತಿರುಗುವ ಸಿಲಿಂಡರಿನ ಪಿಸ್ತೂಲಿನ ಕಲ್ಪನೆ ಹೊಳೆದು ಮರದಲ್ಲಿ ಮಾದರಿ ಕೆತ್ತಿದನೆಂಬುದು ಅವನೇ ಹೇಳಿಕೊಂಡು ಬಂದ ಕತೆ. ಚುಕ್ಕಾಣಿ ಚಕ್ರವನ್ನು ನೋಡಿ ಹೊಳೆಯಿತು ಎಂದು ಕೆಲವರು, ಲಂಗರು ಎತ್ತುವ ರಾಟೆಯನ್ನು ನೋಡಿ ಎಂದು ಇನ್ನು ಕೆಲವರು ಬರೆದಿದ್ದಾರೆ. ಎರಡರಲ್ಲೂ ತಿರುಗುವ ಭಾಗವನ್ನು ಬೇಕಾದ ಜಾಗದಲ್ಲಿ ಅಲುಗಾಡದಂತೆ ನಿಲ್ಲಿಸುವ ಉಪಾಯವಿದೆ, ಗುಟ್ಟು ಅದೇ. ಆ ಮರದ ಮಾದರಿಯ ತುಂಡುಗಳು ಹಾರ್ಟ್‌ಫೋರ್ಡ್‌ನ ವ್ಯಾಡ್ಸ್‌ವರ್ತ್ ಅಥೇನಿಯಂ ಎಂಬ ಮ್ಯೂಸಿಯಮ್ಮಿನಲ್ಲಿವೆ.

ಹಾಗಾದರೆ ರಿವಾಲ್ವರ್ ಕಂಡುಹಿಡಿದವನು ಕೋಲ್ಟನೇ? ಅಲ್ಲ. ಗೂಡುಗಳಿರುವ ಸಿಲಿಂಡರನ್ನು ಕೈಯಲ್ಲಿ ತಿರುಗಿಸಿ ಒಂದಾದ ಮೇಲೊಂದು ಗುಂಡು ಹಾರಿಸುವ ಬಂದೂಕುಗಳು ಅವನಿಗಿಂತ ನೂರಾರು ವರ್ಷ ಮೊದಲೇ ಯುರೋಪಿನಲ್ಲಿದ್ದವು. ಎಲಿಶಾ ಕೋಲಿಯರ್ ಎಂಬ ಅಮೆರಿಕದವನು 1818ರಲ್ಲಿ ಇಂಗ್ಲೆಂಡಿನಲ್ಲಿ ಚಕಮಕಿ ಕಲ್ಲಿನ ರಿವಾಲ್ವರಿಗೆ ಪೇಟೆಂಟ್ ಪಡೆದಿದ್ದ. ಅಂಥವು ಭಾರತದಲ್ಲಿದ್ದ ಬ್ರಿಟಿಷರ ಕೈಗೂ ಬಂದಿದ್ದವು. ಕೋಲ್ಟ್ ಸೇರಿಸಿದ್ದು ಮುಖ್ಯವಾಗಿ ಒಂದು ವಿಷಯ. ಹ್ಯಾಮರನ್ನು ಹಿಂದಕ್ಕೆ ಎಳೆದರೆ ಸಾಕು, ಸಿಲಿಂಡರ್ ತಾನೇ ತಿರುಗಿ ಮುಂದಿನ ಗೂಡು ನಳಿಗೆಯ ನೇರಕ್ಕೆ ಬಂದು ಬಿಗಿಯಾಗಿ ನಿಲ್ಲುತ್ತದೆ. 1851ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರ್‌ಗಳ ಸಂಸ್ಥೆಯಲ್ಲಿ ಪ್ರಬಂಧ ಓದಿದಾಗ ತನಗಿಂತ ಹಿಂದಿನ ತಿರುಗು ಬಂದೂಕುಗಳ ವಿಷಯವನ್ನು ಕೋಲ್ಟ್ ತಾನೇ ವಿವರಿಸಿದ್ದ. ಅವನು ಮುಚ್ಚಿಡದ ಸಂಗತಿಯನ್ನು ಇವತ್ತಿನ ಫಾರ್ವರ್ಡ್‌ಗಳು ಮರೆತಿವೆ.

ಕಲ್ಕತ್ತಾ ವಿಷಯ ಬಂದಾಗ ಇನ್ನೊಂದು ಮಾತು. ಆ ಕಾಲದ ಕರಿಮದ್ದು ಮೂರು ವಸ್ತುಗಳ ಮಿಶ್ರಣ: ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕ. ಅದರಲ್ಲಿ ಹೆಚ್ಚಿನ ಪಾಲು ಪೆಟ್ಲುಪ್ಪಿನದು. ಬಿಹಾರ, ಬಂಗಾಳದ ಪೆಟ್ಲುಪ್ಪು ಕಲ್ಕತ್ತಾ ಬಂದರಿನಿಂದ ಹೊರದೇಶಗಳಿಗೆ ಹೋಗುತ್ತಿತ್ತು. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಮದ್ದಿಗಾಗಿ ಇದೇ ಭಾರತದ ಪೆಟ್ಲುಪ್ಪನ್ನು ಇಂಗ್ಲೆಂಡಿನಲ್ಲಿ ಕೊಂಡು ತರಿಸಿಕೊಂಡರು.

ನಗಿಸುವ ಅನಿಲದ ನಕಲಿ ಡಾಕ್ಟರ್

ಊರಿಗೆ ಮರಳಿದ ಕೋಲ್ಟನಿಗೆ ಬಂದೂಕು ಮಾಡಿಸಲು ದುಡ್ಡು ಬೇಕಿತ್ತು. ಗಿರಣಿಯಲ್ಲಿದ್ದಾಗ ಅವನಿಗೆ ನೈಟ್ರಸ್ ಆಕ್ಸೈಡ್ ಎಂಬ ಅನಿಲದ ಪರಿಚಯವಾಗಿತ್ತು. ಇದನ್ನು ಉಸಿರಾಡಿದವರು ಸ್ವಲ್ಪ ಹೊತ್ತು ಅಮಲೇರಿದಂತೆ ನಗುತ್ತಾರೆ, ಕುಣಿಯುತ್ತಾರೆ. ಕೋಲ್ಟ್ ತನ್ನ ಹೆಸರಿನ ಅಕ್ಷರ ಸ್ವಲ್ಪ ಬದಲಿಸಿ, ನ್ಯೂಯಾರ್ಕ್, ಲಂಡನ್ ಮತ್ತು ಕಲ್ಕತ್ತಾದ ಪ್ರಸಿದ್ಧ ಡಾಕ್ಟರ್ ಕೌಲ್ಟ್ ಎಂದು ಜಾಹೀರಾತು ಕೊಟ್ಟು, ಅಮೆರಿಕ ಮತ್ತು ಕೆನಡಾದ ಊರೂರು ತಿರುಗಿದ. ಟಿಕೆಟ್ ಕೊಂಡವರಿಗೆ ಅನಿಲ ಕೊಟ್ಟು ನಗಿಸಿದ. ಅವನು ಡಾಕ್ಟರ್ ಆಗಿರಲಿಲ್ಲ, ಕಲ್ಕತ್ತಾದಲ್ಲಿ ವೈದ್ಯಕೀಯ ಓದಿರಲೂ ಇಲ್ಲ. ದೂರದ ಊರಿನ ಹೆಸರು ಸೇರಿಸಿದರೆ ಮಾತಿಗೆ ತೂಕ ಬರುತ್ತದೆ ಎಂಬ ಉಪಾಯ ಅಂದಿಗೂ ಇತ್ತು, ಇಂದಿನ ಫಾರ್ವರ್ಡ್‌ಗಳಲ್ಲೂ ಇದೆ.

ಆ ಅನಿಲ ಮಾತ್ರ ನಕಲಿಯಲ್ಲ. 1800ರಲ್ಲೇ ಹಂಫ್ರಿ ಡೇವಿ ಎಂಬ ವಿಜ್ಞಾನಿ ಇದು ನೋವನ್ನು ಕಡಿಮೆ ಮಾಡುತ್ತದೆ, ಶಸ್ತ್ರಚಿಕಿತ್ಸೆಗೆ ಉಪಯೋಗವಾಗಬಹುದು ಎಂದು ಬರೆದಿದ್ದ. ಯಾರೂ ಗಮನ ಕೊಡಲಿಲ್ಲ. 1844ರ ಡಿಸೆಂಬರ್‌ನಲ್ಲಿ, ಕೋಲ್ಟನ ಊರಾದ ಹಾರ್ಟ್‌ಫೋರ್ಡ್‌ನಲ್ಲೇ, ಇನ್ನೊಬ್ಬರು ನಡೆಸಿದ ಇಂಥದೇ ಪ್ರದರ್ಶನವನ್ನು ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನೋಡಿದ. ಅನಿಲದ ಅಮಲಿನಲ್ಲಿ ಕಾಲಿಗೆ ಗಾಯ ಮಾಡಿಕೊಂಡವನಿಗೆ ನೋವೇ ಗೊತ್ತಾಗಿರಲಿಲ್ಲ. ಮರುದಿನವೇ ವೆಲ್ಸ್ ಈ ಅನಿಲ ಸೇದಿ ತನ್ನ ಹಲ್ಲು ಕೀಳಿಸಿಕೊಂಡ. ಇಂದಿಗೂ ಹಲ್ಲಿನ ಚಿಕಿತ್ಸೆಯಲ್ಲಿ, ಹೆರಿಗೆ ನೋವಿಗೆ ಇದನ್ನು ಬಳಸುತ್ತಾರೆ. ಕೋಲ್ಟನ ಕೈಯಲ್ಲಿ ವರ್ಷಗಟ್ಟಲೆ ಇದ್ದ ವಸ್ತು ಅವನ ಪಾಲಿಗೆ ಟಿಕೆಟ್ ದುಡ್ಡಿನ ದಾರಿಯಷ್ಟೇ ಆಗಿತ್ತು.

ಪೇಟೆಂಟ್, ಕಾರ್ಖಾನೆ, ದಿವಾಳಿ

ಆ ದುಡ್ಡಿನಲ್ಲಿ ಬಂದೂಕು ಮಾಡುವ ಕಸುಬುದಾರರಿಂದ ಮಾದರಿಗಳನ್ನು ಮಾಡಿಸಿ, 1835ರಲ್ಲಿ ಇಂಗ್ಲೆಂಡಿನಲ್ಲಿ, 1836ರ ಫೆಬ್ರವರಿ 25ರಂದು ಅಮೆರಿಕದಲ್ಲಿ ಪೇಟೆಂಟ್ ಪಡೆದ. ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಕಾರ್ಖಾನೆ ತೆರೆದ. ಆಗ ಅವನಿಗಿನ್ನೂ 21 ವರ್ಷ.

ಈ ರಿವಾಲ್ವರ್ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಇಲ್ಲಿ ತಿಳಿದುಕೊಂಡರೆ ಮುಂದಿನದು ಸುಲಭ. ಮಲೆನಾಡಿನಲ್ಲಿ ಕೇಪಿನ ಕೋವಿ ನೋಡಿದವರಿಗಂತೂ ಬೇಗ ಅರ್ಥವಾಗುತ್ತದೆ. ಅಲ್ಲಿ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ತುರುಕಿ, ಹಿಂದೆ ಒಂದು ಸಣ್ಣ ಕೇಪು ಇಡುತ್ತಾರೆ. ಕೋಲ್ಟನ ರಿವಾಲ್ವರಿನಲ್ಲೂ ಅದೇ ಕ್ರಮ, ನಳಿಗೆಯ ಬದಲು ಸಿಲಿಂಡರಿನ ಒಂದೊಂದು ಗೂಡಿಗೂ ಮುಂದಿನಿಂದ ಮದ್ದು ಮತ್ತು ಸೀಸದ ಗುಂಡು, ಹಿಂದಿನಿಂದ ಒಂದೊಂದು ಕೇಪು. ಹ್ಯಾಮರ್ ಕೇಪಿಗೆ ಬಡಿದರೆ ಕಿಡಿ ಒಳಗೆ ಹೋಗಿ ಮದ್ದು ಹೊತ್ತಿಕೊಳ್ಳುತ್ತದೆ. ದೀಪಾವಳಿಯಲ್ಲಿ ಮಕ್ಕಳ ಪಿಸ್ತೂಲಿಗೆ ಹಾಕುವ ಕೇಪು ನೆನಪಿಸಿಕೊಳ್ಳಿ, ತತ್ವ ಅದೇ.

ಅಂದರೆ ಇಲ್ಲಿ ನಾವು ಇವತ್ತು ನೋಡುವ ಹಿತ್ತಾಳೆಯ ತೋಟಾ, ಅಂದರೆ ಕಾರ್ಟ್ರಿಜ್, ಇರಲೇ ಇಲ್ಲ. ಐದು ಗುಂಡು ಬೇಗ ಹಾರಿಸಬಹುದಿತ್ತು, ಆದರೆ ಮತ್ತೆ ತುಂಬಲು ಹಲವು ನಿಮಿಷ ಹಿಡಿಯುತ್ತಿತ್ತು. ಕಿಡಿ ಪಕ್ಕದ ಗೂಡಿಗೆ ಹಾರಿದರೆ ಎರಡು ಮೂರು ಗೂಡು ಒಟ್ಟಿಗೆ ಸಿಡಿಯುವ ಅಪಾಯವೂ ಇತ್ತು.

ಸೇನೆ ದೊಡ್ಡ ಆರ್ಡರ್ ಕೊಡಲಿಲ್ಲ. ಫ್ಲಾರಿಡಾದ ಯುದ್ಧಕ್ಕೆ, ಟೆಕ್ಸಸ್ ಗಣರಾಜ್ಯಕ್ಕೆ ಸ್ವಲ್ಪ ಹೋದವು, ಅಷ್ಟೇ. 1842ಕ್ಕೆ ಕಾರ್ಖಾನೆ ಮುಚ್ಚಿತು. ಮುಂದಿನ ಕೆಲವು ವರ್ಷ ಕೋಲ್ಟ್ ನೀರಿನಡಿ ತಂತಿ ಹಾಕಿ ವಿದ್ಯುತ್ತಿನಿಂದ ಹಡಗುಗಳನ್ನು ಸಿಡಿಸುವ ಪ್ರಯೋಗ ಮಾಡಿದ. ಸೇನೆಗೆ ತವರದ ತೆಳು ಹಾಳೆಯಲ್ಲಿ ಮದ್ದು, ಗುಂಡು ಸುತ್ತಿ ನೀರು ತಾಗದ ತೋಟಾಗಳನ್ನು ಮಾರಿದ. ಈ ಹಾಳೆಯ ತೋಟಾವನ್ನು ನೆನಪಿಡಿ. ತೋಟಾ ವಿಷಯದಲ್ಲಿ ಅವನು ಹೋದದ್ದು ಹಾಳೆ, ಕಾಗದದವರೆಗೆ ಮಾತ್ರ.

ಎರಡು ಕಿಲೋ ತೂಕದ ರಿವಾಲ್ವರ್ ಕಲಿಸಿದ ಪಾಠ

1846ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಯುದ್ಧ ಶುರುವಾಯಿತು. ಟೆಕ್ಸಸ್ ರೇಂಜರ್ ಪಡೆಯಲ್ಲಿದ್ದ ಸ್ಯಾಮ್ಯುಯೆಲ್ ವಾಕರ್ ಹಳೆಯ ಪ್ಯಾಟರ್ಸನ್ ರಿವಾಲ್ವರ್ ಬಳಸಿ ನೋಡಿದ್ದವನು. ಇನ್ನೂ ಜೋರಾದದ್ದು ಬೇಕು ಎಂದು ಅವನು ಸೂಚಿಸಿದ, ಸರ್ಕಾರದಿಂದ 1000 ರಿವಾಲ್ವರುಗಳ ಆರ್ಡರ್ ಬಂತು. ಕೋಲ್ಟನಿಗೆ ಆಗ ಸ್ವಂತ ಕಾರ್ಖಾನೆ ಇರಲಿಲ್ಲ. ಎಲಿ ವಿಟ್ನಿ ಜೂನಿಯರ್‌ನ ಕಾರ್ಖಾನೆಯಲ್ಲಿ 1847ರಲ್ಲಿ ಮಾಡಿಸಿದ.

ಈ ವಾಕರ್ ರಿವಾಲ್ವರ್ ಎರಡು ಕಿಲೋಗೂ ಸ್ವಲ್ಪ ಹೆಚ್ಚು ತೂಗುತ್ತಿತ್ತು. ಒಂದೊಂದು ಗೂಡಿಗೆ 60 ಗ್ರೇನ್, ಅಂದರೆ ಸುಮಾರು 4 ಗ್ರಾಂ ಕರಿಮದ್ದು ಹಿಡಿಯುತ್ತಿತ್ತು. ಅಂದಿನ ಕೈಪಿಸ್ತೂಲಿಗೆ ಇದು ಬಹಳ ಹೆಚ್ಚು. ಯುದ್ಧಭೂಮಿಯಲ್ಲಿ ಹಲವು ವಾಕರ್‌ಗಳ ಸಿಲಿಂಡರ್ ಒಡೆದುಹೋಯಿತು. ಆ ಕಾಲದ ಕಬ್ಬಿಣದಲ್ಲಿ ಕಲ್ಮಶದ ಎಳೆಗಳಿರುತ್ತಿದ್ದವು, ಒಂದು ತುಂಡಿನಂತೆ ಇನ್ನೊಂದು ಇರುತ್ತಿರಲಿಲ್ಲ. ತುಂಬುವವರೂ ಗೂಡಿನ ತುಂಬ ಮದ್ದು ಸುರಿಯುತ್ತಿದ್ದರು. ಮುಂದಿನ ಮಾದರಿಯಲ್ಲಿ ಕೋಲ್ಟ್ ಸಿಲಿಂಡರನ್ನು ಗಿಡ್ಡ ಮಾಡಿ, ಹಿಡಿಯುವ ಮದ್ದನ್ನೇ ಕಡಿಮೆ ಮಾಡಿದ.

ಹಳೇ ಕಾಲದ ಕಬ್ಬಿಣ ಗಟ್ಟಿ ಎಂಬ ಮಾತಿಗೆ ಇದೇ ಉತ್ತರ. ಹೊಸದಾಗಿದ್ದಾಗಲೇ, ಅದಕ್ಕೆಂದೇ ಮಾಡಿದ ಮದ್ದಿನಲ್ಲೇ ಒಡೆದ ರಿವಾಲ್ವರುಗಳಿವೆ. ನೂರೈವತ್ತು ವರ್ಷದ ತುಕ್ಕು ಅದನ್ನು ಇನ್ನಷ್ಟು ಗಟ್ಟಿ ಮಾಡುವುದಿಲ್ಲ.

ಹಾರ್ಟ್‌ಫೋರ್ಡ್‌ನ ಸಾಹುಕಾರ

ವಾಕರ್ ಆರ್ಡರಿನಿಂದ ಕೋಲ್ಟನ ದೆಸೆ ತಿರುಗಿತು. ಹುಟ್ಟೂರಿನಲ್ಲೇ ಕಾರ್ಖಾನೆ ಹಾಕಿದ. ಎಲಿಶಾ ರೂಟ್ ಎಂಬ ನುರಿತ ಯಂತ್ರಜ್ಞನನ್ನು ಮೇಲ್ವಿಚಾರಕನಾಗಿ ತಂದ. ಒಬ್ಬ ಕಮ್ಮಾರ ಒಂದು ಬಂದೂಕನ್ನು ಪೂರ್ತಿ ಮಾಡುವ ಬದಲು, ಒಂದೊಂದು ಯಂತ್ರ ಒಂದೊಂದು ಭಾಗವನ್ನು ಸಾವಿರಗಟ್ಟಲೆ ಒಂದೇ ಅಳತೆಯಲ್ಲಿ ಕೊರೆಯುವ ಪದ್ಧತಿ ಅಲ್ಲಿ ಬೆಳೆಯಿತು. ಈ ಪದ್ಧತಿಯನ್ನೂ ಕೋಲ್ಟ್ ಮೊದಲು ಹುಟ್ಟುಹಾಕಿದ್ದಲ್ಲ, ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ರಿವಾಲ್ವರುಗಳನ್ನು ಜೋಡಿಸಿಟ್ಟ. 1853ರಲ್ಲಿ ಲಂಡನ್ನಿನಲ್ಲೂ ಕಾರ್ಖಾನೆ ತೆರೆದ, ಅದು ಕೆಲವೇ ವರ್ಷ ನಡೆಯಿತು.

1855ರಲ್ಲಿ ಕನೆಕ್ಟಿಕಟ್ ನದಿಯ ದಡದಲ್ಲಿ ಒಡ್ಡು ಕಟ್ಟಿಸಿ, ಅದರ ಹಿಂದೆ ನೀಲಿ ಗುಮ್ಮಟದ ದೊಡ್ಡ ಕಾರ್ಖಾನೆ ಎಬ್ಬಿಸಿದ. ಅಲ್ಲಿ ದಿನಕ್ಕೆ ಸುಮಾರು 150 ಬಂದೂಕುಗಳು ತಯಾರಾಗುತ್ತಿದ್ದವು. 1856ರಲ್ಲಿ ಎಲಿಜಬೆತ್ ಜಾರ್ವಿಸ್‌ಳನ್ನು ಮದುವೆಯಾದ. 1861ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಶುರುವಾಗುವ ದಿನಗಳವರೆಗೂ ದಕ್ಷಿಣದ ರಾಜ್ಯಗಳಿಗೆ ಬಂದೂಕು ಮಾರಿದ, ಅದಕ್ಕಾಗಿ ಉತ್ತರದ ಪತ್ರಿಕೆಗಳಿಂದ ಬೈಸಿಕೊಂಡ.

ತಪ್ಪಿಹೋದ ಹಿತ್ತಾಳೆ ತೋಟಾ

ಇಷ್ಟೆಲ್ಲ ನಡೆಯುವಾಗ ಕೋಲ್ಟನ ಕಾರ್ಖಾನೆಯಲ್ಲೇ ಹಿಂದೆ ಗುತ್ತಿಗೆ ಕೆಲಸ ಮಾಡುತ್ತಿದ್ದ ರೋಲಿನ್ ವೈಟ್ ಎಂಬವನು ಒಂದು ಸರಳ ಕೆಲಸ ಮಾಡಿದ. ಸಿಲಿಂಡರಿನ ಗೂಡುಗಳನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ಕೊರೆದರೆ ಹಿಂದಿನಿಂದಲೇ ತೋಟಾ ಹಾಕಬಹುದು ಎಂದು 1855ರ ಏಪ್ರಿಲ್ 3ರಂದು ಪೇಟೆಂಟ್ ಪಡೆದ. ಇವತ್ತಿನ ಎಲ್ಲ ರಿವಾಲ್ವರುಗಳೂ ಹಾಗೆಯೇ ಇವೆ.

ಆ ಹಕ್ಕನ್ನು ಹಿಡಿದವರು ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸ್ಸನ್. ಒಂದು ರಿವಾಲ್ವರಿಗೆ 25 ಸೆಂಟ್ ಕೊಡುವ ಒಪ್ಪಂದ ಮಾಡಿಕೊಂಡರು. 1857ರಲ್ಲಿ ಕೋಲ್ಟನ ಪೇಟೆಂಟ್ ಅವಧಿ ಮುಗಿಯಿತು. ಅದೇ ವರ್ಷ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಮೊದಲ ತೋಟಾ ರಿವಾಲ್ವರ್ ಹೊರಬಂತು. ಮದ್ದು, ಗುಂಡು, ಕಿಡಿ ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಇಟ್ಟ ಪುಟ್ಟ ತೋಟಾ ಅದರದು. ಕೋಲ್ಟ್ ಮಾತ್ರ ಕೇಪು, ಮದ್ದು ಮತ್ತು ಕಾಗದದ ತೋಟಾಗಳಲ್ಲೇ ಉಳಿದ. ಅವನ ವ್ಯಾಪಾರಕ್ಕೆ ಆಗ ಯಾವ ಕೊರತೆಯೂ ಇರಲಿಲ್ಲ.

1862ರ ಜನವರಿ 10ರಂದು, ಕೀಲುಬೇನೆಯ ತೊಂದರೆಗಳಿಂದ ನರಳಿ, 47ನೇ ವಯಸ್ಸಿನಲ್ಲಿ ಕೋಲ್ಟ್ ತೀರಿಕೊಂಡ. ಅಲ್ಲಿಯವರೆಗೆ ಅವನ ಕಂಪನಿ 4 ಲಕ್ಷಕ್ಕೂ ಹೆಚ್ಚು ರಿವಾಲ್ವರ್ ಮಾಡಿತ್ತು ಎಂಬ ಅಂದಾಜಿದೆ. ಅವುಗಳಲ್ಲಿ ಹಿತ್ತಾಳೆ ತೋಟಾ ಹಾಕುವಂಥದ್ದು ಒಂದೂ ಇರಲಿಲ್ಲ.

1864ರ ಫೆಬ್ರವರಿಯಲ್ಲಿ ಕಾರ್ಖಾನೆ ಸುಟ್ಟುಹೋಯಿತು. ವಿಧವೆ ಎಲಿಜಬೆತ್ ಅದನ್ನು ಮತ್ತೆ ಕಟ್ಟಿಸಿ 1901ರವರೆಗೆ ಒಡೆತನ ಉಳಿಸಿಕೊಂಡಳು. ವೈಟ್‌ನ ಪೇಟೆಂಟ್ 1869ರಲ್ಲಿ ಮುಗಿಯಿತು. ಅದಾದ ಮೇಲೆ ಕೋಲ್ಟ್ ಕಂಪನಿಯವರು ಮೊದಲು ತಮ್ಮಲ್ಲಿದ್ದ ಹಳೆಯ ಕೇಪಿನ ರಿವಾಲ್ವರುಗಳ ಸಿಲಿಂಡರನ್ನು ಬದಲಿಸಿ ತೋಟಾಗೆ ಒಗ್ಗಿಸಿದರು. ಆಮೇಲೆ ವಿಲಿಯಂ ಮೇಸನ್ ರೂಪಿಸಿದ ಹೊಸ ರಿವಾಲ್ವರನ್ನು 1873ರಲ್ಲಿ ಸೇನೆ ಒಪ್ಪಿಕೊಂಡಿತು. ಸಿನಿಮಾದ ಪೀಸ್‌ಮೇಕರ್ ಅದೇ. ಸ್ಯಾಮ್ಯುಯೆಲ್ ಕೋಲ್ಟ್ ಸತ್ತು ಆಗ 11 ವರ್ಷವಾಗಿತ್ತು.

ಹಳೆಯ ತೋಟಾ ಈಗ ಏಕೆ ಸಿಗುವುದಿಲ್ಲ?

ಈಗ ಮೂರನೆಯ ಮಾತಿಗೆ ಬರೋಣ. 1860 ಮತ್ತು 1870ರ ದಶಕಗಳಲ್ಲಿ ಒಬ್ಬೊಬ್ಬ ತಯಾರಕ ಒಂದೊಂದು ಅಳತೆಯ ತೋಟಾ ತಂದ. ಅವುಗಳಲ್ಲಿ ಹೆಚ್ಚಿನವು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಆ ಕಾಲದ ರಿವಾಲ್ವರನ್ನು ಹಾರಿಸಿ ನೋಡಬೇಕೆನ್ನುವ ಸಂಗ್ರಾಹಕರು ಅಮೆರಿಕ ಮೊದಲಾದ ಕಡೆ ತಾವೇ ತೋಟಾ ತುಂಬಿಕೊಳ್ಳುತ್ತಾರೆ. ಅದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ಇದು ಅಲ್ಲಿ ಕಾನೂನಿನೊಳಗಿನ ಹವ್ಯಾಸ. ಆದರೆ ಅದರ ಕಷ್ಟ ನೋಡಿದರೆ ಹೊಂದುವ ಯಾವ ಗುಂಡಾದರೂ ನಡೆಯುತ್ತದೆ ಎಂಬ ಮಾತು ಎಷ್ಟು ಪೊಳ್ಳು ಎಂದು ತಿಳಿಯುತ್ತದೆ.

ಮೊದಲ ಕಷ್ಟ, ಎಲ್ಲ ತೋಟಾಗಳನ್ನೂ ಮತ್ತೆ ತುಂಬಲಾಗದು. ಸ್ಮಿತ್ ಅಂಡ್ ವೆಸ್ಸನ್‌ನ ಮೊದಲ ತೋಟಾದಲ್ಲಿ ಕಿಡಿಯ ಮದ್ದು ಕೋಶದ ಅಂಚಿನ ಮಡಿಕೆಯೊಳಗೇ ಇತ್ತು. ಇದು ರಿಮ್‌ಫೈರ್. ಹ್ಯಾಮರ್ ಬಡಿದಾಗ ಆ ಮಡಿಕೆ ನುಜ್ಜುಗುಜ್ಜಾಗುತ್ತದೆ, ಕೋಶ ಮತ್ತೆ ಬಳಕೆಗೆ ಬರುವುದಿಲ್ಲ. ಮುಂದೆ ಬಂದ ಸೆಂಟರ್‌ಫೈರ್ ತೋಟಾದಲ್ಲಿ ಕಿಡಿಯ ಬಿಲ್ಲೆ ನಡುವೆ ಬೇರೆಯಾಗಿ ಕೂರುತ್ತದೆ, ಅದನ್ನು ತೆಗೆದು ಹೊಸದು ಹಾಕಬಹುದು. ಇದರಲ್ಲೂ ಎರಡು ಬಗೆ. ಅಮೆರಿಕದ ಹೈರಮ್ ಬರ್ಡನ್‌ನ ಬಗೆ ಯುರೋಪಿನಲ್ಲಿ ಹರಡಿತು, ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಬಾಕ್ಸರ್‌ನ ಬಗೆ ಅಮೆರಿಕದಲ್ಲಿ ನೆಲೆಯಾಯಿತು. ಬಾಕ್ಸರ್ ಬಗೆಯಲ್ಲಿ ನಡುವೆ ಒಂದೇ ತೂತು ಇರುವುದರಿಂದ ಹಳೆಯ ಬಿಲ್ಲೆಯನ್ನು ತಳ್ಳಿ ತೆಗೆಯುವುದು ಸುಲಭ.

ಎರಡನೆಯ ಕಷ್ಟ, ಅಳತೆ. ಹಳೆಯ ಕೋಲ್ಟ್ ಮಾರ್ಪಾಡುಗಳಲ್ಲಿ ಗುಂಡು ಕೋಶದಷ್ಟೇ ದಪ್ಪ ಇರುತ್ತಿತ್ತು, ಅದರ ಸಣ್ಣ ಬುಡ ಮಾತ್ರ ಕೋಶದೊಳಗೆ ಕೂರುತ್ತಿತ್ತು. ಈಗಿನ ಗುಂಡು ಪೂರ್ತಿ ಕೋಶದೊಳಗೆ ಕೂರುವಂಥದ್ದು. ಹೆಸರಿನಲ್ಲಿ 44 ಎಂದಿದ್ದರೂ ಒಂದರ ಗುಂಡು ಇನ್ನೊಂದರ ನಳಿಗೆಗೆ ಸರಿಹೋಗಬೇಕೆಂದಿಲ್ಲ. ಹಾಗಾಗಿ ತಿಳಿದವರು ಮೊದಲು ಕಡಿಮೆ ಶಾಖದಲ್ಲಿ ಕರಗುವ ಮಿಶ್ರಲೋಹವನ್ನು ಗೂಡಿಗೆ ಎರೆದು ಅಚ್ಚು ತೆಗೆಯುತ್ತಾರೆ. ಅಚ್ಚನ್ನು ಅಳೆದು, ಈಗ ಸಿಗುವ ಯಾವುದೋ ಬೇರೆ ಕೋಶವನ್ನು ಲೇತ್ ಮೇಲೆ ಕತ್ತರಿಸಿ, ಅಂಚು ತೆಳುಮಾಡಿ ಹೊಂದಿಸುತ್ತಾರೆ. ಗುಂಡಿಗೆ ಬೇರೆ ಅಚ್ಚು ಮಾಡಿಸುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಮಸಿ ಮತ್ತು ಉಪ್ಪಾಗಿ ಉಳಿಯುತ್ತದೆ. ಹೊಸ ಮದ್ದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತದೆ. ಅದೂ ಅಲ್ಲದೆ, ಒತ್ತಡ ಏರಿದಂತೆ ಹೊಸ ಮದ್ದು ಇನ್ನೂ ಜೋರಾಗಿ ಉರಿಯುತ್ತದೆ, ಅದರಿಂದ ಒತ್ತಡ ಮತ್ತೆ ಏರುತ್ತದೆ. ಪ್ರೆಶರ್ ಕುಕ್ಕರಿನ ಸೀಟಿ ಕಟ್ಟಿಕೊಂಡಾಗ ಒಲೆಯ ಉರಿಯೂ ತಾನಾಗಿ ಹೆಚ್ಚುತ್ತಾ ಹೋದರೆ ಹೇಗೋ ಹಾಗೆ. ಕರಿಮದ್ದಿಗೆಂದು ಮಾಡಿದ ಸಿಲಿಂಡರ್ ಅದನ್ನು ತಡೆಯದೆ ಕೈಯಲ್ಲೇ ಒಡೆಯಬಹುದು. ಕೋಲ್ಟ್ ಕಂಪನಿ ಕೂಡ ತನ್ನ ಪೀಸ್‌ಮೇಕರಿಗೆ ಹೊಸ ಮದ್ದು ನಡೆಯುತ್ತದೆ ಎಂದು ಭರವಸೆ ಕೊಟ್ಟದ್ದು 1900ರ ಹೊತ್ತಿಗೆ. ಅದಕ್ಕಿಂತ ಹಿಂದಿನವಕ್ಕೆ ಆ ಭರವಸೆ ಇಲ್ಲ.

ಹೊಂದುತ್ತದೆ ಎಂಬುದು ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1890ರ ದಶಕದ ಕೆಲವು ಕೋಲ್ಟ್ ರಿವಾಲ್ವರುಗಳನ್ನು 38 ಲಾಂಗ್ ಕೋಲ್ಟ್ ಎಂಬ ಸೌಮ್ಯ ತೋಟಾಗೆ ಮಾಡಿದ್ದರು. ಗೂಡು ಒಂದೇ ಅಗಲಕ್ಕೆ ನೇರವಾಗಿ ಕೊರೆದದ್ದು. ಹಾಗಾಗಿ 1935ರಲ್ಲಿ ಬಂದ, ಹಲವು ಪಟ್ಟು ಒತ್ತಡದ 357 ಮ್ಯಾಗ್ನಮ್ ತೋಟಾ ಕೂಡ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಇಳಿದ ಮೇಲೆ ಟ್ರಿಗರ್ ಒತ್ತಿದವರ ಗತಿಯನ್ನು ಹೇಳಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶಕ್ಕೂ ಬಂದ ವೆಬ್ಲಿ ರಿವಾಲ್ವರುಗಳ ವಿಷಯದಲ್ಲೂ ಇದೇ ತೊಂದರೆ. ಅಮೆರಿಕದಲ್ಲಿ ಹಲವು ವೆಬ್ಲಿಗಳ ಸಿಲಿಂಡರನ್ನು ಅರೆದು ಪಿಸ್ತೂಲಿನ 45 ತೋಟಾ ಹಾಕುವಂತೆ ಮಾಡಿದರು. ಅದರ ಒತ್ತಡ ವೆಬ್ಲಿ ತಡೆಯಬೇಕಾದ ಮಿತಿಗಿಂತ ಹೆಚ್ಚು.

ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ತೋಟಾ?

ಬಂದೂಕೂ ಹಳೆಯದು, ತೋಟಾನೂ ಹಳೆಯದು, ಆಗ ಸರಿಯಲ್ಲವೇ ಎಂದು ಕೇಳಬಹುದು. ಅದೂ ಸರಿಯಲ್ಲ. ಹಳೆಯ ಕಿಡಿಬಿಲ್ಲೆಗಳಲ್ಲಿ ಪಾದರಸದ ಸಂಯುಕ್ತ ಇರುತ್ತಿತ್ತು. ಒಮ್ಮೆ ಹಾರಿಸಿದ ಮೇಲೆ ಆ ಪಾದರಸ ಹಿತ್ತಾಳೆಯನ್ನು ಪೆಡಸು ಮಾಡುತ್ತದೆ. ಅಂಥ ಕೋಶಕ್ಕೆ ಮತ್ತೆ ಮದ್ದು ತುಂಬಿದರೆ ಅದು ಬಿರುಕು ಬಿಡುತ್ತದೆ.

ಹಾರಿಸದೆ ಇಟ್ಟದ್ದೂ ಕೆಡುತ್ತದೆ ಎಂಬ ಪಾಠ ವಿಜ್ಞಾನಕ್ಕೆ ಸಿಕ್ಕಿದ್ದು ನಮ್ಮ ದೇಶದ ಮಳೆಗಾಲದಿಂದ. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದರೆ ಹಿತ್ತಾಳೆ ಕೋಶಗಳಲ್ಲಿ ಬಿರುಕು. ಕಾರಣ 1921ರಲ್ಲಿ ಸ್ಪಷ್ಟವಾಯಿತು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ, ತೇವ, ಮತ್ತು ಕೋಶವನ್ನು ಎಳೆದು ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿ, ಮೂರೂ ಸೇರಿ ಹಿತ್ತಾಳೆಯನ್ನು ಸೀಳುತ್ತಿದ್ದವು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೀಸನ್ ಕ್ರ್ಯಾಕಿಂಗ್ ಎಂದು ಓದುವುದು ಇದನ್ನೇ. ಅಜ್ಜನ ಟ್ರಂಕಿನ ತೋಟಾ ಎಂಥ ಅಟ್ಟದಲ್ಲಿ, ಎಷ್ಟು ಮಳೆಗಾಲ ಕಳೆದಿದೆಯೋ ನೋಡಿ ಹೇಳಲಾಗುವುದಿಲ್ಲ. ಹಾಗೆಂದು ಅದು ಸತ್ತಿದೆ ಎಂದೂ ಅಂದುಕೊಳ್ಳಬೇಡಿ. ಸುತ್ತಿಗೆಯಿಂದ ಕುಟ್ಟುವುದು, ಬೆಂಕಿಗೆ ಹಾಕುವುದು, ಬಿಚ್ಚಿ ನೋಡುವುದು ಯಾವುದೂ ಬೇಡ.

ನಮ್ಮ ದೇಶದಲ್ಲಿ ಕಾನೂನು ಏನು?

1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕಾಗಲಿ ಮದ್ದುಗುಂಡಾಗಲಿ ತಯಾರಿಸುವುದು ಅಪರಾಧ. ಆದ್ದರಿಂದ ಮನೆಯಲ್ಲಿ ತೋಟಾ ತುಂಬುವ ವಿಡಿಯೋ ನೋಡಿ ಇಲ್ಲಿ ಅನುಕರಿಸುವಂತಿಲ್ಲ. ಪುರಾತನ ಬಂದೂಕಿಗೆ ಲೈಸೆನ್ಸ್ ಬೇಡ ಎಂಬ ಇನ್ನೊಂದು ಫಾರ್ವರ್ಡ್ ಅರ್ಧಸತ್ಯ. ಹಳೆಯ ಮಾದರಿಯದ್ದಾಗಿ, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬರದಂಥದ್ದಕ್ಕೆ ಮಾತ್ರ ಆ ವಿನಾಯಿತಿ ಇದೆ. ರಿಪೇರಿ ಮಾಡಿದರೆ ಹಾರುತ್ತದೆ ಎಂದಾದರೆ ವಿನಾಯಿತಿ ಇಲ್ಲ. ಮನೆಯಲ್ಲಿ ಅಂಥದ್ದೇನಾದರೂ ಸಿಕ್ಕಿದರೆ ಮುಟ್ಟಿ ಆಡದೆ, ಖಾಲಿ ಇದೆಯೇ ಎಂದು ಪರೀಕ್ಷಿಸಲು ಹೋಗದೆ, ಮಕ್ಕಳನ್ನು ದೂರವಿಟ್ಟು ಪೊಲೀಸ್ ಠಾಣೆಗೆ ತಿಳಿಸಿ.

ಹಾಗಾದರೆ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ರಿವಾಲ್ವರ್ ಕಂಡುಹಿಡಿದವನು ಕೋಲ್ಟ್: ತಪ್ಪು. ಅದು ಮೊದಲೇ ಇತ್ತು. ಚೆನ್ನಾಗಿ ಕೆಲಸ ಮಾಡುವಂತೆ ಮಾಡಿ, ಯಂತ್ರಗಳಿಂದ ಲಕ್ಷಗಟ್ಟಲೆ ತಯಾರಿಸಿದವನು ಅವನು.

ಪೀಸ್‌ಮೇಕರ್ ಕೋಲ್ಟ್ ಮಾಡಿದ್ದು: ತಪ್ಪು. ಅದು ಅವನು ಸತ್ತ 11 ವರ್ಷಗಳ ಮೇಲೆ ಬಂತು. ಹಿತ್ತಾಳೆ ತೋಟಾದ ರಿವಾಲ್ವರನ್ನು ಅವನು ಮಾಡಲೇ ಇಲ್ಲ.

ಹಳೆಯ ಕಬ್ಬಿಣ ಗಟ್ಟಿ, ಹೊಂದುವ ಗುಂಡು ಹಾಕಬಹುದು: ತಪ್ಪು ಮತ್ತು ಅಪಾಯ. ಬಂದೂಕು, ಕೋಶ, ಮದ್ದು ಈ ಮೂರೂ ಒಂದು ಕಾಲದ ಒಂದು ಲೆಕ್ಕಕ್ಕೆ ಸೇರಿದವು. ಒಂದನ್ನು ಬದಲಿಸಿದರೆ ಆ ಲೆಕ್ಕ ತಪ್ಪುತ್ತದೆ. ವಾಕರ್ ರಿವಾಲ್ವರುಗಳು ಒಡೆದಾಗ ಮದ್ದನ್ನು ಕಡಿಮೆ ಮಾಡಬೇಕು ಎಂದು ಕೋಲ್ಟನಿಗೇ ಅರ್ಥವಾಗಿತ್ತು.

ಆ ಫೋಟೋ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಕಳಿಸಿದವರಿಗೆ ಈ ಮೂರನೆಯ ಉತ್ತರವನ್ನಾದರೂ ತಪ್ಪದೆ ಕಳಿಸಿ.